ರಾಜಹಂಸದ ದಾಯಾದಿ

ಮುಂಬಯಿಯ ಮಾನ್‌ಖುರ್ದ್ ಬಿಟ್ಟ ಲೋಕಲ್ ಟ್ರೈನು ಖಾಡಿಯ, ಅಂದರೆ ಕಡಲ ಹಿನ್ನೀರಿನ, ಸೇತುವೆ ಹತ್ತಿದರೆ ನಾನು ಬಾಗಿಲ ಕಂಬಿ ಹಿಡಿದು ನಿಲ್ಲುತ್ತೇನೆ. ನೀರಿಳಿದ ಹೊತ್ತು, ಚಳಿಗಾಲ ಕಳೆದ ದಿನಗಳು. ವಾಶಿ ಬರುವಷ್ಟರಲ್ಲಿ ಅಗೋ, ಕಪ್ಪು ಕೆಸರಿನುದ್ದಕ್ಕೂ ಗುಲಾಬಿ ಗೆರೆ! ಫ್ಲೆಮಿಂಗೊ. ನಮ್ಮ ಮಾತಿನಲ್ಲಿ ರಾಜಹಂಸ.

ಹೆಸರಿನಲ್ಲಿ ಹಂಸವಿದೆ, ಹಕ್ಕಿ ಮಾತ್ರ ಹಂಸವಲ್ಲ. ಹಾಗಾದರೆ ಯಾರ ಪೈಕಿ?

1758ರಲ್ಲಿ ಜೀವಿಗಳಿಗೆ ವೈಜ್ಞಾನಿಕ ಹೆಸರಿಡುತ್ತಿದ್ದ ಲಿನೇಯಸ್ ಇದನ್ನು ಫೀನಿಕಾಪ್ಟೆರಸ್, ಅಂದರೆ ಕೆಂಪು ರೆಕ್ಕೆಯದು, ಎಂದು ಪುಸ್ತಕಕ್ಕೇರಿಸಿದ. ಹೆಸರು ಸಿಕ್ಕಿತು, ಮನೆತನ ಸಿಗಲಿಲ್ಲ. ಉದ್ದ ಕಾಲು ನೋಡಿದವರು ಕೊಕ್ಕರೆ ಕಡೆಯವನು ಎಂದರು. ಜಾಲಪಾದ ನೋಡಿದವರು ಬಾತು ಎಂದರು. ಕೊನೆಗೆ ಹೇನನ್ನೂ ಸಾಕ್ಷಿಗೆ ಕರೆದರು, ನಿಜವಾಗಿ! ಪುಕ್ಕದೊಳಗಿನ ಹೇನು ಬಾತಿನ ಹೇನಿಗೆ ಹತ್ತಿರದ್ದು, ಆದ್ದರಿಂದ ಬಾತೇ ಎಂದು ವಾದ. ಇಷ್ಟೆಲ್ಲ ಜಗಳಕ್ಕೆ ಕಾರಣವಾದ ಹಕ್ಕಿ ಕೆಳಗೆ ತಲೆ ತಲೆಕೆಳಗು ಮಾಡಿಕೊಂಡು, ನಾಲಿಗೆಯನ್ನು ಪಂಪಿನಂತೆ ಆಡಿಸಿ ಕೆಸರುನೀರು ಸೋಸಿ ತಿನ್ನುತ್ತಿದೆ. ಕೊಕ್ಕು ಕಡುಗೆಂಪಾಗಿ ಕಪ್ಪೇ ಅನ್ನಿಸಿದರೆ ಸಣ್ಣ ಜಾತಿ. ಗುಲಾಬಿ ಕೊಕ್ಕಿಗೆ ತುದಿಯಷ್ಟೇ ಕಪ್ಪಿದ್ದರೆ ದೊಡ್ಡದು. ಎರಡೂ ಈ ಖಾಡಿಗೆ ಬರುತ್ತವೆ.

2001ರಲ್ಲಿ ಡಿಎನ್‌ಎ ಹೋಲಿಸಿದವರಿಗೆ ಸಿಕ್ಕ ಉತ್ತರ ಕೇಳಿ: ಗುಳುಮುಳುಕ! ಊರ ಕೆರೆಯಲ್ಲಿ ಕಂಡಂತಾಗಿ, ಗುಳುಂ ಎಂದು ಮುಳುಗಿ, ಅಷ್ಟು ದೂರದಲ್ಲಿ ಏಳುವ ಆ ಕಂದು ಮುದ್ದೆಯ ಬಳಗವೇ ಇದರ ಅತಿ ಹತ್ತಿರದ ರಕ್ತಸಂಬಂಧಿ. ಕಾಲಿನಲ್ಲಿ ಹೋಲಿಕೆಯಿಲ್ಲ, ಕೊಕ್ಕಿನಲ್ಲಿಲ್ಲ, ಊಟದಲ್ಲಂತೂ ಇಲ್ಲವೇ ಇಲ್ಲ. ಅನುಮಾನಪಟ್ಟವರು ಮೂಳೆಗಳನ್ನು ಮತ್ತೆ ತಿರುವಿ ನೋಡಿದರು, ಮೊಟ್ಟೆ ನೋಡಿದರು. ಎರಡರ ಚಿಪ್ಪಿನ ಮೇಲೂ ಸುಣ್ಣ ಬಳಿದಂಥ ಒಂದೇ ಬಗೆಯ ಲೇಪ! ಅದು ಯಾವಾಗಿನಿಂದಲೋ ಅಲ್ಲೇ ಇತ್ತು, ಕೇಳುವವರಿರಲಿಲ್ಲ. 2014ರಲ್ಲಿ 48 ಹಕ್ಕಿಗಳ ಇಡೀ ಜೀನೋಮ್ ಹೋಲಿಸಿದಾಗಲೂ ಇಬ್ಬರೂ ಒಂದೇ ಕೊಂಬೆಯಲ್ಲಿ ಕೂತರು.

ದಾಯಾದಿಗಳು ಸಿಕ್ಕ ಮೇಲೆ ಕುಲಕ್ಕೊಂದು ಹೆಸರು ಬೇಡವೇ? 2005ರಲ್ಲಿ ಪಕ್ಷಿವಿಜ್ಞಾನಿ ಜಾರ್ಜ್ ಸ್ಯಾಂಗ್‌ಸ್ಟರ್ ಇಟ್ಟ ಹೆಸರು ಮಿರಾಂಡಾರ್ನಿಥೀಸ್. ಬೆರಗಿನ ಹಕ್ಕಿಗಳು ಎಂದರ್ಥ. ಅಳೆದು ತೂಗಿ ಬರೆಯುವ ವಿಜ್ಞಾನಿಗಳೂ ಇಲ್ಲಿ ಉದ್ಗಾರ ತಡೆದುಕೊಳ್ಳಲಿಲ್ಲ ನೋಡಿ.

ಟ್ರೈನು ವಾಶಿಯಲ್ಲಿ ನಿಂತಿತು. ನಾನಿನ್ನೂ ಊರ ಕೆರೆಯ ದಂಡೆಯಲ್ಲೇ ಇದ್ದೆ.