ಬಾಲ್ಕನಿಯಲ್ಲಿ ಅಪ್ಪ

ಕೊಂಡಾಪುರದ ನಮ್ಮ ಫ್ಲ್ಯಾಟ್‌ನ ಬಾಲ್ಕನಿಯಲ್ಲಿ ಅಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಬೆನ್ನು ನಮ್ಮ ಕಡೆಗಿದೆ, ಕತ್ತು ತುಸು ಬಾಗಿದೆ. ಪಕ್ಕದ ಕಾಫಿ ಲೋಟದಲ್ಲಿ ಕೆನೆ ಕಟ್ಟಿದೆ. ಎರಡು ವರ್ಷದ ಕಲಿಕೆಯಲ್ಲಿ ನಮ್ಮ ಮೇಷ್ಟರಿಂದ ‘ಪರವಾಗಿಲ್ಲ’ ಅನ್ನಿಸಿಕೊಂಡ ನನ್ನ ಮೊದಲ ಫೋಟೊ ಇದು.

ವಾರವೆಲ್ಲ ಕೋಡ್ ಬರೆದು ಭಾನುವಾರ ಫೋಟೊಗ್ರಫಿ ತರಗತಿಗೆ ಹೋಗುವವನು ನಾನು. ಎಂಜಿನಿಯರ್‌ಗಳಿಗೆ ಕ್ಯಾಮೆರಾ ಬೇಗ ಒಲಿಯುತ್ತದೆ. ಅಪರ್ಚರ್, ಶಟರ್, ಐಎಸ್‌ಒ ಮೂರರಲ್ಲಿ ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸಬೇಕು, ಅಷ್ಟೇ ಲೆಕ್ಕ. ದುರ್ಗಂ ಚೆರುವಿನ ಕೇಬಲ್ ಸೇತುವೆ 2020ರಲ್ಲಿ ತೆರೆದ ಮೇಲೆ ಈ ಕಡೆ ಕ್ಯಾಮೆರಾ ಕೊಂಡವರೆಲ್ಲ ಮೊದಲು ಓಡುವುದು ಅಲ್ಲಿಗೇ. ನಾನೂ ಟ್ರೈಪಾಡ್ ನಿಲ್ಲಿಸಿ, 20 ಸೆಕೆಂಡು ಶಟರ್ ತೆರೆದಿಟ್ಟು, ಕಾರುಗಳ ದೀಪಗಳನ್ನು ಕೆಂಪು ಗೆರೆಯಾಗಿಸಿ ತಂದೆ. ಮೇಷ್ಟರು ನೋಡಿ, ‘ಚೆನ್ನಾಗಿದೆ. ಇದರಲ್ಲಿ ನಿನ್ನದೇನಿದೆ?’ ಎಂದು ತೆಲುಗಿನಲ್ಲಿ ಕೇಳಿದರು. ಉತ್ತರ ಹೊಳೆಯಲಿಲ್ಲ.

ಒಂದು ಭಾನುವಾರ ಅವರು ನಮ್ಮನ್ನು ಸಾಲಾರ್ ಜಂಗ್ ಮ್ಯೂಸಿಯಂಗೆ ಕರೆದೊಯ್ದರು. ಅಲ್ಲಿ ಜನ ಮುಗಿಬೀಳುವುದು ಇಟಲಿಯ ಬೆಂಜೋನಿ ಅಮೃತಶಿಲೆಯಲ್ಲಿ ಕಡೆದ ‘ಮುಸುಕಿನ ರೆಬೆಕ್ಕಾ’ಳನ್ನು ನೋಡಲು. ಇವರು ನಮ್ಮನ್ನು ನಿಲ್ಲಿಸಿದ್ದು 19ನೇ ಶತಮಾನದ ಒಂದು ಮರದ ಶಿಲ್ಪದ ಮುಂದೆ. ಒಂದೇ ದಿಮ್ಮಿಯಲ್ಲಿ ಎದುರಿಗೆ ಎದೆ ಸೆಟೆಸಿದ ಮೆಫಿಸ್ಟೊಫೆಲಿಸ್, ಬೆನ್ನ ಕಡೆ ತಲೆ ತಗ್ಗಿಸಿದ ಮಾರ್ಗರೆಟಾ. ಗಯಟೆಯ ‘ಫೌಸ್ಟ್’ ನಾಟಕದ ಪಾತ್ರಗಳು. ಹಿಂಬದಿ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ಮುಖ ಬಿಟ್ಟು ಉಳಿದ ಮೈ ಏನು ಹೇಳುತ್ತದೆ ಬರೆಯಿರಿ ಎಂದರು. ನಾನು ‘ಅಹಂಕಾರ, ನಾಚಿಕೆ’ ಎಂದು ಬರೆದು ಮುಗಿಸಿದೆ. ಜೊತೆಗಿದ್ದ ಹುಡುಗಿಯೊಬ್ಬಳು, ‘ಅವಳು ನಾಚಿಲ್ಲ, ದಣಿದಿದ್ದಾಳೆ’ ಎಂದು ಬರೆದಿದ್ದಳು. ಬಸ್ ಹತ್ತುವವರೆಗೂ ಅದೇ ಜಗಳ. ಮುಂದಿನ ವಾರದ ಕೆಲಸವೂ ಅದೇ ದಾರಿಯದು: ಮನೆಯವರದೊಂದು ಫೋಟೊ, ಮುಖ ಕಾಣದೆ ಭಾವ ಕಾಣಬೇಕು.

ಹಾಗೆ ತೆಗೆದದ್ದು ಅಪ್ಪನ ಫೋಟೊ. ತರಗತಿಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು, ‘ಒಂಟಿತನ’. ನಾನು ಇಟ್ಟಿದ್ದ ಹೆಸರೂ ಅದೇ. ಮೆಚ್ಚುಗೆ ಸಿಕ್ಕಿತು, ಆದರೆ ಖುಷಿಯಾಗಲಿಲ್ಲ. ಅಮ್ಮ ಹೋದ ಮೇಲೆ ಚನ್ನಗಿರಿಯ ಮನೆಗೆ ಬೀಗ ಹಾಕಿಸಿ, ತೆಲುಗು ಬಾರದ ಅಪ್ಪನನ್ನು ಈ ಆರನೇ ಮಹಡಿಗೆ ತಂದು ಕೂರಿಸಿದವನು ನಾನೇ ತಾನೆ?

ವಾರವಿಡೀ ಹಿಂದೆಮುಂದೆ ನೋಡಿ, ಕೊನೆಗೆ ಅಪ್ಪನಿಗೇ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದರು. ‘ಕಪ್ಪುಬಿಳುಪು ಮಾಡಿದೀಯ. ನಮ್ಮ ಸತ್ಯನ್ ಥರ.’ ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಫೋಟೊಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಂದು, ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡಿದ್ದವು. ಅಪ್ಪ ಮೇಷ್ಟರಾಗಿದ್ದ ಕಾಲದಲ್ಲಿ ಅವನ್ನು ಪೇಪರಿನಿಂದ ಕತ್ತರಿಸಿ ಇಡುತ್ತಿದ್ದರಂತೆ. ಹೋಲಿಕೆ ಅತಿಯಾಯಿತು, ಅಪ್ಪ ಅಲ್ಲವೇ.

‘ಎಲ್ರೂ ಒಂಟಿತನ ಅಂತಾರಪ್ಪ’ ಎಂದೆ.

‘ಅಯ್ಯೋ, ಅವತ್ತು ಕೆಳಗೆ ಯಾರೋ ಕನ್ನಡ ಮಾತಾಡ್ತಿದ್ರು ಕಣೋ. ಪಕ್ಕದ ಬಿಲ್ಡಿಂಗ್ ಕೆಲಸದವರು. ರಾಯಚೂರು ಕಡೆಯವರೋ ಯಾದಗಿರಿಯವರೋ ಅಂತ ಕಿವಿಗೊಟ್ಟಿದ್ದೆ. ಅದಕ್ಕೇ ಕಾಫಿ ಆರಿಹೋಯ್ತು.’

‘ಹೋಗಿ ಮಾತಾಡಿಸಬಹುದಿತ್ತಲ್ಲ?’

‘ಲಿಫ್ಟ್ ಇಳಿಯೋ ಹೊತ್ತಿಗೆ ಹೋಗಿಬಿಟ್ಟಿದ್ರು.’

ಫೋಟೊದ ಹೆಸರು ಅಳಿಸಿದ್ದೇನೆ, ಹೊಸದು ಇನ್ನೂ ಹೊಳೆದಿಲ್ಲ. ಈಗ ಸಂಜೆ ಐದೂವರೆಗೆ ಆ ಪ್ಲಾಸ್ಟಿಕ್ ಕುರ್ಚಿ ಕೆಳಗೆ ಸೆಕ್ಯುರಿಟಿಯವರ ಕೋಣೆಯ ಪಕ್ಕ ಇರುತ್ತದೆ. ಅವರು ಯಾದಗಿರಿಯವರೇ ಅಂತೆ.