ಮಗುವಿಗೆ ಮೊಟ್ಟೆ, ಶೇಂಗಾ ಆಗುವುದಿಲ್ಲವೇ? ಶಾಲೆಗೆ ಸೇರಿಸುವ ಮುನ್ನ ಇಷ್ಟು ಕೇಳಿ

ಭಟ್ಕಳ: ಶಾಲೆ ಸೇರಿಸುವ ಸಮಯ ಬಂತೆಂದರೆ ಮುಟ್ಟಳ್ಳಿ, ಶಿರಾಲಿ, ಮುರ್ಡೇಶ್ವರ ಭಾಗದ ಪಾಲಕರು ಕೇಳುವುದು ಫೀಸು ಎಷ್ಟು, ಮೀಡಿಯಂ ಯಾವುದು, ವ್ಯಾನು ಬರ್ತದಾ ಎಂದು. ಆದರೆ ಮೊಟ್ಟೆ, ಹಾಲು, ಶೇಂಗಾ, ಗೇರುಬೀಜ ಅಥವಾ ಸಿಗಡಿಯಿಂದ ತೀವ್ರ ಅಲರ್ಜಿ ಆಗುವ ಮಗು ಮನೆಯಲ್ಲಿದ್ದರೆ ಮೊದಲ ಪ್ರಶ್ನೆ ಬೇರೆ: ಶಾಲೆಯಲ್ಲಿ ಮಗು ಏನು ತಿನ್ನುತ್ತದೆ, ಹೆಚ್ಚುಕಮ್ಮಿಯಾದರೆ ಯಾರು ಓಡುತ್ತಾರೆ?

ಬರೀ ತುರಿಕೆಯಲ್ಲ

ಮೈಮೇಲೆ ದದ್ದು, ತುಟಿ ಊದುವುದು, ವಾಂತಿ, ಉಬ್ಬಸ, ತಲೆ ತಿರುಗುವುದು ಇವೆಲ್ಲ ತಿಂದ ಕೆಲವೇ ನಿಮಿಷಗಳಲ್ಲಿ ಶುರುವಾಗಬಹುದು. ಉಸಿರಾಟಕ್ಕೆ ತೊಂದರೆ ಬಂದರೆ ಅಲರ್ಜಿ ಮಾತ್ರೆ ಸಾಲದು. ಆಗ ಬೇಕಾದ್ದು ತೊಡೆಗೆ ಕೊಡುವ ಅಡ್ರಿನಾಲಿನ್ ಇಂಜೆಕ್ಷನ್. ವಿದೇಶಗಳಲ್ಲಿ ಪೆನ್ನಿನಂತಹ ಇಂಜೆಕ್ಷನ್ ಮಗುವಿನ ಬ್ಯಾಗಿನಲ್ಲೇ ಇರ್ತದೆ. ನಮ್ಮ ಕಡೆ ಅದು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಆಸ್ಪತ್ರೆಗೆ ಹತ್ತಿರದ ಶಾಲೆ ಎನ್ನುವುದೇ ದೊಡ್ಡ ಅನುಕೂಲ.

ಬಿಸಿಯೂಟವೋ, ಡಬ್ಬಿಯೋ?

ಸರ್ಕಾರಿ ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಇದೆ. 2024ರ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ವ್ಯವಸ್ಥೆ ಬಂತು. ಮೊಟ್ಟೆ ತಿನ್ನದವರಿಗೆ ಮೊದಲು ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಇತ್ತು. 2025ರಲ್ಲಿ ಚಿಕ್ಕಿ ಕೈಬಿಡಲಾಯಿತು. ಶೇಂಗಾ ಆಗದ ಮಕ್ಕಳ ಪಾಲಕರಿಗೆ ಇದು ನೆಮ್ಮದಿಯ ವಿಷಯ.

ಬಿಸಿಯೂಟದಲ್ಲಿ ಒಂದು ಲಾಭವಿದೆ. ಮೆನು ಮೊದಲೇ ಗೊತ್ತಿರ್ತದೆ, ಅಡುಗೆಯವರು ಊರಿನವರೇ. ಕುಳಿತು ಮಾತಾಡಿದರೆ ಬೇರೆ ತಟ್ಟೆ, ಬೇರೆ ಸೌಟು ಇಡಲು ಕೇಳಬಹುದು. ಖಾಸಗಿ ಶಾಲೆಯಲ್ಲಿ ಡಬ್ಬಿ ಮನೆಯದ್ದೇ, ಆದರೆ ಪಕ್ಕದ ಮಗುವಿನ ಡಬ್ಬಿಯಲ್ಲಿ ಏನಿದೆಯೋ ಗೊತ್ತಾಗುವುದಿಲ್ಲ. ಮಕ್ಕಳು ಹಂಚಿ ತಿನ್ನುವವರೇ. ಹುಟ್ಟುಹಬ್ಬದ ಕೇಕಿನಲ್ಲಿ ಮೊಟ್ಟೆ, ಚಾಕಲೇಟಿನಲ್ಲಿ ಗೇರುಬೀಜ ಇರಬಹುದು.

ಹೆಡ್ ಮಾಸ್ತರರಲ್ಲಿ ಕೇಳಬೇಕಾದ್ದು

* ವೈದ್ಯರ ಚೀಟಿಯ ಪ್ರತಿ ಕ್ಲಾಸ್ ಟೀಚರ್, ಅಡುಗೆಯವರು, ವ್ಯಾನ್ ಡ್ರೈವರ್ ಮೂವರ ಹತ್ತಿರವೂ ಇರ್ತದಾ?
* ಊಟದ ಹೊತ್ತಿಗೆ ಮಗುವಿನ ಮೇಲೆ ಕಣ್ಣಿಡುವವರು ಯಾರು? ಅವರು ರಜೆ ಹಾಕಿದ ದಿನ ಯಾರು?
* 108ಕ್ಕೆ ಫೋನ್ ಮಾಡುವವರು ಯಾರು? ಅಂಬ್ಯುಲೆನ್ಸ್ ತಡವಾದರೆ ಯಾರ ಗಾಡಿ?
* ಪ್ರವಾಸ, ವಾರ್ಷಿಕೋತ್ಸವದ ದಿನ ಊಟ ಎಲ್ಲಿಂದ ಬರ್ತದೆ?

"ಎಂತ ಆಗುದಿಲ್ಲ, ನಾವಿದ್ದೇವೆ" ಎಂಬ ಉತ್ತರ ಸಾಲದು. ಹೆಸರು ಹೇಳಿ, ಚೀಟಿ ತೆಗೆದಿಟ್ಟುಕೊಳ್ಳುವ ಶಾಲೆ ಚಿಕ್ಕದಾದರೂ ಒಳ್ಳೆಯದು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅಡ್ರಿನಾಲಿನ್ ಇದೆಯೇ, ಶಾಲೆಯ ಹೊತ್ತಿನಲ್ಲಿ ಕೊಡುವವರು ಇರುತ್ತಾರೆಯೇ ಎಂದು ಪಾಲಕರೇ ಹೋಗಿ ವಿಚಾರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಹೆದ್ದಾರಿ ದಾಟಿ ಹೋಗಲು ಎಷ್ಟು ಹೊತ್ತು ಬೇಕೆಂದೂ ಲೆಕ್ಕ ಹಾಕಬೇಕು.

ಅಂಗಡಿಯವರಿಗೂ ಪಾಲಿದೆ

ಪ್ಯಾಕೆಟ್ ತಿಂಡಿಯ ಮೇಲೆ ಹಾಲು, ಮೊಟ್ಟೆ, ಶೇಂಗಾ, ಗೋಧಿ, ಸೋಯಾ ಇದ್ದರೆ ನಮೂದಿಸಬೇಕೆಂದು ಎಫ್‌ಎಸ್‌ಎಸ್‌ಎಐ ನಿಯಮವಿದೆ. ಡಬ್ಬದಿಂದ ತೆಗೆದು ಬಿಡಿಯಾಗಿ ಮಾರುವ ಚಿಕ್ಕಿ, ಲಾಡು, ಬಿಸ್ಕತ್ತಿಗೆ ಆ ಚೀಟಿ ಇರುವುದಿಲ್ಲ. ಶಾಲೆ ಎದುರಿನ ಅಂಗಡಿಯವರು ಅಂತಹ ಮಗುವಿನ ಮುಖ ಗುರುತಿಟ್ಟುಕೊಂಡು, ಕೇಳಿದ ಬಿಡಿ ತಿಂಡಿ ಕೊಡದೆ "ಮನೆಯವರನ್ನು ಕರ್ಕೊಂಡು ಬಾ" ಎಂದರೆ ಹೋಗುವುದು ಐದು ರೂಪಾಯಿ ವ್ಯಾಪಾರ. ಉಳಿಯುವುದು ಒಂದು ಜೀವ.