ಸುಣ್ಣದ ಮಡಕೆ, ಉಪ್ಪಿನ ಕಿಟಕಿ

ಬಂಟ್ವಾಳ ತಾಲೂಕಿನ ಹಳ್ಳಿಯೊಂದರ ಆ ಅಜ್ಜನ ಮನೆಗೆ ನಾನು ಹೋದದ್ದು ಓಲೆಬೆಲ್ಲದ ಆಸೆಗೆ. ಮಧ್ಯಾಹ್ನದವರೆಗೆ ಕೂತುಬಿಟ್ಟದ್ದು ಅವರ ಮೂಗಿನ ಬೆರಗಿಗೆ.

ಹರೆಯದಿಂದಲೂ ಮೂರ್ತೆ, ಅಂದರೆ ಮರದಿಂದ ರಸ ಇಳಿಸುವ ಕೆಲಸ, ಮಾಡಿದವರು. ತಾಳೆಯ ಹೂಗೊಂಚಲನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು ಹದ ಮಾಡಿ, ಬೆಳಿಗ್ಗೆ ಸಂಜೆ ತುದಿಯನ್ನು ತೆಳ್ಳಗೆ ಕೆತ್ತಬೇಕು. ತೊಟ್ಟಿಕ್ಕುವ ರಸ ಬರೀ ಸಿಹಿ. ಯೀಸ್ಟ್ ಸೇರಿದರೆ ಕೆಲವೇ ತಾಸಿನಲ್ಲಿ ಅದು ಕಳ್ಳು. ಬೆಲ್ಲಕ್ಕೆಂದು ಕಟ್ಟುವ ಮಡಕೆಯ ಒಳಗೆ ಸುಣ್ಣ ಬಳಿಯುವುದು ಈ ಹುಳಿಯನ್ನು ತಡೆಯಲಿಕ್ಕೆ. ಇಳಿಸಿದ ಮಡಕೆಯ ಬಾಯಿಗೆ ಮುಖ ತಂದು ಅಜ್ಜ ಒಮ್ಮೆ ಉಸಿರೆಳೆದುಕೊಳ್ಳುತ್ತಾರೆ. ಒಂದನ್ನು ಒಲೆಯ ಕಡೆಗೆ, ಇನ್ನೊಂದನ್ನು ಜಗಲಿಯ ಕಡೆಗೆ ಸರಿಸುತ್ತಾರೆ.

“ಸುಣ್ಣ ಒಂಚೂರು ಕಮ್ಮಿಯಾದ್ರೂ ಪರಿಮಳದಲ್ಲಿ ಗೊತ್ತಾಗ್ತದೆ ಮಾರಾಯ್ರೆ. ಕುಡಿದು ನೋಡ್ಲಿಕ್ಕೆ ಏನಿದೆ?”

ಅವರ ಮೂಗು ಹಿಡಿಯುವ ಕಳ್ಳಿನ ಆವಿಯನ್ನೇ, ಅಂದರೆ ಎಥನಾಲ್ ಎಂಬ ಮದ್ಯಸಾರವನ್ನೇ, ಬೆಳಕಿನಿಂದ ಓದುವ ಯಂತ್ರ ಇನ್ಫ್ರಾರೆಡ್ ಸ್ಪೆಕ್ಟ್ರೋಮೀಟರ್. 1800ರಲ್ಲಿ ಖಗೋಳಶಾಸ್ತ್ರಜ್ಞ ವಿಲಿಯಂ ಹರ್ಷೆಲ್ ಪಟ್ಟಕದ ಕೆಂಪು ಬಣ್ಣದಾಚೆ ಥರ್ಮಾಮೀಟರ್ ಇಟ್ಟು ಕಣ್ಣಿಗೆ ಕಾಣದ ಬಿಸಿಯನ್ನು ಕಂಡ. ಅದೇ ಅತಿಗೆಂಪು ಕಿರಣ. ಗಾಳಿಯಲ್ಲಿ ತುಂಬಿರುವ ನೈಟ್ರೋಜನ್, ಆಮ್ಲಜನಕ ಈ ಕಿರಣವನ್ನು ತಡೆಯುವುದಿಲ್ಲ. ಎಥನಾಲ್ ತಡೆಯುತ್ತದೆ. ಅದರ ಕಾರ್ಬನ್–ಹೈಡ್ರೋಜನ್ ಬಂಧ 3.4 ಮೈಕ್ರೋಮೀಟರ್ ಬಳಿ, ಕಾರ್ಬನ್–ಆಮ್ಲಜನಕ ಬಂಧ 9.5ರ ಬಳಿ ಕಿರಣವನ್ನು ಹೀರಿ ಕಂಪಿಸುತ್ತವೆ. ಆಚೆ ತಲುಪುವ ಬೆಳಕು ಎಷ್ಟು ತಗ್ಗಿತೆಂದು ನೋಡಿ ಆವಿ ಎಷ್ಟಿದೆಯೆಂದು ಲೆಕ್ಕ ಹಾಕುತ್ತಾರೆ. ಹಲವು ದೇಶಗಳ ಪೊಲೀಸ್ ಠಾಣೆಗಳಲ್ಲಿ ಚಾಲಕರ ಉಸಿರನ್ನು ಪರೀಕ್ಷಿಸುವ ಯಂತ್ರಗಳು ನೋಡುವುದು ಈ ಎರಡು ಜಾಗಗಳನ್ನೇ.

ಅಜ್ಜನ ಮೂಗಿಗೂ ಎಟುಕದ್ದು ಒಂದಿದೆ: ಮೆಥನಾಲ್ ಎಂಬ ವಿಷ. ಅದರ ವಾಸನೆ ಎಥನಾಲಿನದ್ದಕ್ಕೆ ತೀರ ಹತ್ತಿರ. ಯಂತ್ರದಲ್ಲಿ ಅದರ ಕಾರ್ಬನ್–ಆಮ್ಲಜನಕ ಬಂಧದ ಗೆರೆ 9.7ರ ಬಳಿಗೆ ಜರುಗಿ ಬೇರೆಯಾಗಿ ನಿಲ್ಲುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಈ ಕೂದಲೆಳೆಯ ಅಂತರ ನನಗೆ ದೊಡ್ಡದಾಗಿ ಕಾಣುವುದು ಅದಕ್ಕೇ.

ಇಷ್ಟೆಲ್ಲ ಮಾಡುವ ಯಂತ್ರಕ್ಕೂ ನಮ್ಮ ಊರಿನ ಮಳೆ ಕಷ್ಟವೇ. ಗಾಜು 9.5ರ ಬಳಿಯ ಕಿರಣವನ್ನು ಒಳಬಿಡದು. ಹಾಗಾಗಿ ಆವಿ ತುಂಬುವ ಕೊಳವೆಯ ಎರಡು ತುದಿಗೂ ಸಾಮಾನ್ಯವಾಗಿ ಪೊಟ್ಯಾಸಿಯಂ ಬ್ರೋಮೈಡ್ ಎಂಬ ಉಪ್ಪಿನ ಕಿಟಕಿ ಕೂರಿಸುತ್ತಾರೆ. ಆಟಿ ತಿಂಗಳ ತೇವಕ್ಕೆ ಅದು ಮಂಜುಗಟ್ಟುತ್ತದೆ. ಕೆಲಸ ಮುಗಿದ ಕೂಡಲೇ ಒಣ ಡಬ್ಬಿಯಲ್ಲಿ ಮುಚ್ಚಿಡಬೇಕು, ನಮ್ಮ ಮನೆಗಳಲ್ಲಿ ಹಪ್ಪಳ ಕಾಪಾಡಿದ ಹಾಗೆ.

ಮೂರ್ತೆಯ ಕಷ್ಟ ಬೇರೆ. 2004ರಲ್ಲಿ ರಾಜ್ಯದಲ್ಲಿ ಸೇಂದಿ, ಅಂದರೆ ಕಳ್ಳಿನ ಮಾರಾಟ, ನಿಂತಾಗ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಅದು ಉಳಿಯಿತು. ಆದರೆ ಮರ ಹತ್ತುವ ಹುಡುಗರು ಉಳಿಯಲಿಲ್ಲ. ಅಜ್ಜನ ಮಗ ಮಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಅಜ್ಜನಿಗೆ ಈಗ ಎರಡೇ ಮರ. ಬೆಲ್ಲದ ಸಿಹಿರಸವನ್ನು ಕೊಟ್ಟರೂ ಕೊಳ್ಳುವವರು ಕಳ್ಳೋ ಏನೋ ಎಂದು ಅನುಮಾನಿಸುತ್ತಾರಂತೆ. ಅದನ್ನು ಹೇಳುವಾಗ ಅವರ ದನಿ ಇಳಿದಿತ್ತು.

ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ. ಬಾಟಲಿಯ ಎಥನಾಲಿನ ಬದಲು ಒಂದು ಬೇಸಗೆಯ ಬೆಳಿಗ್ಗೆ ಇಂಥವರ ಎರಡು ಮಡಕೆಗಳನ್ನು, ಸುಣ್ಣ ಬಳಿದದ್ದೊಂದು ಬಳಿಯದ್ದೊಂದು, ಪ್ರಯೋಗಾಲಯಕ್ಕೆ ತರಿಸಿ. ಮಡಕೆಯ ಜೊತೆ ಅಜ್ಜನನ್ನೂ ಕರೆಸಿ. ಯಂತ್ರ ಗೆರೆ ಎಳೆಯುವ ಮೊದಲು ಅವರು ಮೂಸಿ ಹೇಳಲಿ, ಮಕ್ಕಳು ಬರೆದುಕೊಳ್ಳಲಿ.